ಸೊಪ್ರಾನೊ ಅನ್ನುವ ಆತುರ

ಹೋದ ತಿಂಗಳು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಹದಿನಾಲ್ಕು ವರ್ಷ. "ಮೇಡಂ, ಇವಳು ಸೊಪ್ರಾನೊ. ಮೇಲಿನ ಸಿ ತನಕ ಹೋಗ್ತಾಳೆ, ಕೇಳಿ" ಅಂದರು. ಸೊಪ್ರಾನೊ ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ಹೆಂಗಸರ ಅತಿ ಎತ್ತರದ ಕಂಠ. ಮೇಲಿನ ಸಿ ಆ ಕಂಠಕ್ಕೂ ತುಂಬಾ ಎತ್ತರದ ಸ್ವರ. ಹುಡುಗಿ ಹೋದಳು, ನಿಜ. ಆದರೆ ಗದ್ದ ಮೇಲೆದ್ದಿತ್ತು, ಕತ್ತಿನ ನರ ಉಬ್ಬಿತ್ತು, ಭುಜ ಕಿವಿಯ ಹತ್ತಿರ ಬಂದಿತ್ತು. ಪಾಶ್ಚಾತ್ಯ ಗಾಯನ ಹೇಳಿಕೊಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಇಂಥವರಿಗೆ ನಾನು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಗಾಯಕಿ ಕಿರಿ ಟೆ ಕನಾವ ಅವರ ಕಥೆ ಹೇಳುತ್ತೇನೆ. 1944ರಲ್ಲಿ ನ್ಯೂಜಿಲೆಂಡಿನ ಗಿಸ್ಬೋರ್ನ್‌ನಲ್ಲಿ ಹುಟ್ಟಿದ, ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಹುಡುಗಿ. ಮಗುವಾಗಿದ್ದಾಗಲೇ ದತ್ತು ಹೋದವರು. ಆಕ್ಲೆಂಡಿನಲ್ಲಿ ಸಿಸ್ಟರ್ ಮೇರಿ ಲಿಯೊ ಎಂಬ ಸನ್ಯಾಸಿನಿಯ ಹತ್ತಿರ ಪಾಠ. ಮುಂದೆ ಜಗತ್ತೇ ಮೆಚ್ಚಿದ ಈ ಸೊಪ್ರಾನೊ ಶುರುವಿನಲ್ಲಿ ಹಾಡುತ್ತಿದ್ದುದು ಮೆಝೊ ಆಗಿ. ಅಂದರೆ ಒಂದು ಮೆಟ್ಟಿಲು ಕೆಳಗಿನ ಕಂಠ.

ಹೇಗೆ ಅಂತೀರಾ? ಎಷ್ಟು ಮೇಲೆ ಹೋಗುತ್ತೀರಿ ಅನ್ನುವುದು ಬೇರೆ. ಎಲ್ಲಿ ತುಂಬಾ ಹೊತ್ತು ಆರಾಮಾಗಿ ಇರುತ್ತೀರಿ ಅನ್ನುವುದು ಬೇರೆ. ನಮ್ಮ ಕಚೇರಿ ಹಾಡುವವರಿಗೆ ಇದು ಗೊತ್ತು. ಐದೂವರೆ ಮನೆಯಂಥ ಎತ್ತರದ ಶ್ರುತಿಯಲ್ಲಿ ಒಂದು ಕೀರ್ತನೆಯನ್ನು ಹೇಗೋ ಎಳೆದು ಮುಗಿಸಬಹುದು. ಎರಡು ಗಂಟೆ ಕೂತು ಹಾಡಲು ಅದು ಒಗ್ಗಬೇಕಲ್ವಾ? ಏಣಿ ಹತ್ತಿ ಅಟ್ಟ ಮುಟ್ಟಿದವರೆಲ್ಲ ಅಟ್ಟದಲ್ಲೇ ಸಂಸಾರ ಮಾಡುವುದಿಲ್ಲ. ಕಂಠಕ್ಕೆ ಹೆಸರಿಡುವುದು ಅದು ನೆಲೆಸುವ ಜಾಗ ನೋಡಿ. ಆ ಜಾಗ ಬೆಳೆಯುವ ವಯಸ್ಸಿನಲ್ಲಿ ಬದಲಾಗುತ್ತಾ ಇರುತ್ತದೆ.

ಕಿರಿ 1963ರಲ್ಲಿ ನ್ಯೂಜಿಲೆಂಡಿನ ಮೊಬಿಲ್ ಸಾಂಗ್ ಕ್ವೆಸ್ಟ್ ಗಾಯನ ಸ್ಪರ್ಧೆಯಲ್ಲಿ ಎರಡನೆಯವರು. ಗೆದ್ದ ಮಾಲ್ವಿನಾ ಮೇಜರ್ ಕೂಡ ಅದೇ ಸಿಸ್ಟರ್ ಶಿಷ್ಯೆ. 1965ರಲ್ಲಿ ಕಿರಿಯೇ ಗೆದ್ದರು. ಕ್ಲಬ್ಬುಗಳಲ್ಲಿ ಹಾಡಿ ಊರಲ್ಲೆಲ್ಲ ಹೆಸರಾಗಿದ್ದರು. 1966ರಲ್ಲಿ ಒಪೆರಾ ಕಲಿಸುವ ಲಂಡನ್ ಒಪೆರಾ ಸೆಂಟರ್‌ಗೆ ಆಡಿಷನ್ ಇಲ್ಲದೆಯೇ ಸೀಟು ಸಿಕ್ಕಿತು. ಅಲ್ಲಿ ಹೋದರೆ, ಅಲ್ಲಿನವರು ಜನರನ್ನು ಹಿಡಿದಿಡುವ ಶಕ್ತಿ ಇದೆ, ಹಾಡುವ ತಂತ್ರವೇ ಇಲ್ಲ ಅಂದರಂತೆ. ಗಾಯನ ಶಿಕ್ಷಕಿ ವೆರಾ ರೋಝಾ ಅವರ ಹತ್ತಿರ ಮತ್ತೆ ಕಲಿಕೆ. 1968ರಲ್ಲಿ ಮೊಜಾರ್ಟ್‌ನ 'ಮ್ಯಾಜಿಕ್ ಫ್ಲೂಟ್' ಒಪೆರಾದಲ್ಲಿ ಸಿಕ್ಕಿದ್ದು 'ಎರಡನೇ ಮಹಿಳೆ' ಅನ್ನುವ ಸಣ್ಣ ಪಾತ್ರ.

1971ರ ಡಿಸೆಂಬರ್ 1ರಂದು ಲಂಡನ್ನಿನ ಒಪೆರಾ ಮಂದಿರ ಕೋವೆಂಟ್ ಗಾರ್ಡನ್‌ನಲ್ಲಿ ಮೊಜಾರ್ಟ್‌ನ 'ಫಿಗರೊ' ಒಪೆರಾದ ಕೌಂಟೆಸ್, ಅಂದರೆ ಜಮೀನ್ದಾರನ ಹೆಂಡತಿ, ಆಗಿ ನಿಂತರು. ನನಗೆ ತುಂಬಾ ಇಷ್ಟವಾದ ಪಾತ್ರ ಅದು. ಮೊದಲ ಅಂಕದಲ್ಲಿ ಕೌಂಟೆಸ್ ಬರುವುದೇ ಇಲ್ಲ. ಎರಡನೇ ಅಂಕದ ಪರದೆ ಎದ್ದಾಗ ಒಬ್ಬಳೇ ಇರುತ್ತಾಳೆ. ಬಂದ ಕೂಡಲೇ 'ಪೋರ್ಜಿ ಅಮೋರ್' ಹಾಡಬೇಕು. ಅದರಲ್ಲಿ ಮೇಲಿನ ಸಿ ಇಲ್ಲ. ಎಲ್ಲಕ್ಕಿಂತ ಮೇಲಿನ ಸ್ವರ ಆ ಸಿಗಿಂತ ಕೆಳಗಿನ ಎ ಫ್ಲಾಟ್, ಅಷ್ಟೇ. ಕಷ್ಟ ಇರುವುದು ನಿಧಾನವಾಗಿ, ಉಸಿರು ನಡುಗದಂತೆ ಒಂದೊಂದು ಸಾಲನ್ನೂ ಎಳೆಯುವುದರಲ್ಲಿ. ಆ ರಾತ್ರಿ ಕಿರಿಗೆ 27 ವರ್ಷ.

ಎಲ್ಲರ ಗಂಟಲೂ ಒಂದೇ ಅಲ್ಲ, ಕೇಳದೆ ಯಾರಿಗೂ ಏನೂ ಹೇಳಲಾರೆ. ಹಾಡಿದ ಮೇಲೆ ನೋವಿದ್ದರೆ, ದನಿ ಕೆಟ್ಟು ಸರಿಹೋಗದಿದ್ದರೆ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಪಾಠ ಆಮೇಲೆ.

ಆ ಹುಡುಗಿ ಈ ಶನಿವಾರವೂ ಬಂದಿದ್ದಳು. ನಡುವಿನ ಐದೇ ಸ್ವರ ಹಾಡಿಸಿದೆ. ಗದ್ದದ ಕೆಳಗೆ ಹೆಬ್ಬೆರಳಿಟ್ಟು ನೋಡಿಕೋ ಅಂದೆ. ಮೂರನೇ ಸಲಕ್ಕೆ ಮೆತ್ತಗಾಗಿತ್ತು. "ಮಿಸ್, ಇದು ನನ್ನ ದನಿನೇನಾ?" ಅಂದಳು.