ಮಳೆಗಾಲಕ್ಕೆ ಒಗ್ಗುವ ಬೇಸ್ ತಂತಿ

ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ಶಿವಮೊಗ್ಗದ ನನ್ನ ವಾದ್ಯ ದುರಸ್ತಿ ಅಂಗಡಿಗೆ ಬರುವ ಬೇಸ್ ಗಿಟಾರ್‌ಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಾಯಿಲೆ. ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಲ್ಲಿ ಮೊದಲನೆಯದರಿಂದ ಐದನೆಯದರವರೆಗೆ, ಬೆರಳು ಸದಾ ಕೂರುವ ಜಾಗದಲ್ಲಿ, ತಂತಿಯ ಸುತ್ತುಗಳ ನಡುವೆ ಕಂದು ಗೆರೆ ಕಾಣುತ್ತದೆ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಗೂ ಅದೇ ಬಣ್ಣ ಹತ್ತುತ್ತದೆ. ಗಣಪತಿ ಹಬ್ಬದ ರಸಮಂಜರಿ ಕಾರ್ಯಕ್ರಮಗಳು ಹತ್ತಿರವಾದಂತೆ "ಕಡಿಮೆ ಬೆಲೆಯ ಸ್ಟೀಲ್ ತಂತಿ ಯಾವುದು ಸಾರ್?" ಎಂದು ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಮಲೆನಾಡಿನಲ್ಲಿ ಪ್ಯಾಕೆಟ್ಟಿನ ಬೆಲೆಯೊಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ತಂತಿ ಎಷ್ಟು ತಿಂಗಳು ನಾದ ಕೊಡುತ್ತದೆಯೋ ಅಷ್ಟರಿಂದ ಆ ಬೆಲೆಯನ್ನು ಭಾಗಿಸಬೇಕು. 700 ರೂಪಾಯಿಯ ಸೆಟ್ ಒಂದು ತಿಂಗಳಿಗೆ ಮಂಕಾಗಿ, 2000 ರೂಪಾಯಿಯದು ನಾಲ್ಕು ತಿಂಗಳು ಬಂತು ಎಂದಿಟ್ಟುಕೊಂಡರೆ, ಅಗ್ಗದ್ದು ಯಾವುದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಬೇಸ್ ತಂತಿಯ ನಡುವೆ ಗಟ್ಟಿ ಉಕ್ಕಿನ ಒಳತಂತಿ, ಅದರ ಮೇಲೆ ಒಂದಕ್ಕಿಂತ ಹೆಚ್ಚು ಪದರವೂ ಇರಬಹುದಾದ ಸುತ್ತು ಇರುತ್ತದೆ. ತಂತಿ ಬಾಗದಷ್ಟು ಬಿರುಸಾಗದೆಯೇ ಭಾರವಾಗಲಿ ಎಂದು ಈ ಸುತ್ತು. ಆ ಭಾರವಿಲ್ಲದೆ, ಎಲ್ಲಕ್ಕಿಂತ ದಪ್ಪನೆಯ ಇ (E) ತಂತಿಯ 41 ಹರ್ಟ್ಸ್‌ನ ಮಂದ್ರ ಹೊರಡುವುದಿಲ್ಲ. ಅಂಗಡಿಯಲ್ಲಿ ಸ್ಟೀಲ್ ತಂತಿ ಎಂದು ಕೇಳಿದರೆ ಸಿಗುವುದು ಮುಖ್ಯವಾಗಿ ಎರಡು ಜಾತಿ: ಉಕ್ಕಿನ ಸುತ್ತಿಗೆ ನಿಕಲ್ ಲೇಪ ಕೊಟ್ಟದ್ದು ಮತ್ತು ಸುತ್ತೇ ಸ್ಟೇನ್‌ಲೆಸ್ ಸ್ಟೀಲ್ ಆಗಿರುವುದು. ನಿಕಲ್ ಲೇಪದ್ದು ಬೆರಳಿಗೆ ನುಣುಪು, ನಾದ ದುಂಡಗೆ. ಆದರೆ ಲೇಪ ಸವೆದಲ್ಲೆಲ್ಲ ಬೆವರು ಮತ್ತು ಥಂಡಿ ಗಾಳಿ ಕೆಳಗಿನ ಉಕ್ಕನ್ನು ಮುಟ್ಟುತ್ತವೆ. ಸ್ಟೇನ್‌ಲೆಸ್‌ಗೆ ತುಕ್ಕು ಸುಲಭವಾಗಿ ಹಿಡಿಯದು, ನಾದವೂ ಚುರುಕು. 1966ರಲ್ಲಿ ಇಂಗ್ಲಿಷ್ ರಾಕ್ ತಂಡ 'ದಿ ಹೂ'ವಿನ (The Who) ಬೇಸ್ ವಾದಕ ಜಾನ್ ಎಂಟ್ವಿಸಲ್ ಅವರಿಗೆಂದು ಇಂಗ್ಲೆಂಡಿನ ರೋಟೋಸೌಂಡ್ ಸಂಸ್ಥೆ ರೂಪಿಸಿದ ತಂತಿಗಳು ಪಿಯಾನೋದಂತೆ ಮೊಳಗಿದ್ದು ಇದೇ ಜಾತಿಯ ಸುತ್ತಿನಿಂದ.

ಮಳೆಗಾಲದಲ್ಲೂ ವೇದಿಕೆ ಬಿಡದವರಿಗೆ ನಾನು ಸ್ಟೇನ್‌ಲೆಸ್ ಅನ್ನೇ ಹೇಳುತ್ತೇನೆ. ಮನೆಯಲ್ಲಿ ಕುಳಿತು ಕಲಿಯುವವರಿಗೆ ನಿಕಲ್ ಲೇಪದ್ದು ಸಾಕು, ಏಕೆಂದರೆ ಸ್ಟೇನ್‌ಲೆಸ್ ಸುತ್ತು ಸಾಮಾನ್ಯ ಫ್ರೆಟ್‌ನ ಲೋಹಕ್ಕಿಂತ ಗಡುಸಾಗಿದ್ದು ಅದನ್ನು ಬೇಗ ತೇಯುತ್ತದೆ, ಮತ್ತು ಫ್ರೆಟ್ ಬದಲಿಸುವ ಖರ್ಚಿನ ಮುಂದೆ ತಂತಿಯ ಖರ್ಚು ಏನೂ ಅಲ್ಲ. ಹೊಂಬಣ್ಣದ ಕಂಚಿನ ಸುತ್ತಿನ ತಂತಿ ಎಷ್ಟೇ ಸೋವಿಯಾಗಿ ಸಿಕ್ಕರೂ ಎಲೆಕ್ಟ್ರಿಕ್ ಬೇಸ್‌ಗೆ ಬೇಡ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನ ಅಯಸ್ಕಾಂತಕ್ಕೆ ಕಂಚು ಸ್ಪಂದಿಸುವುದಿಲ್ಲವಾದ್ದರಿಂದ ಒಳತಂತಿಯ ಬಡಕಲು ದನಿಯಷ್ಟೇ ಕೇಳುತ್ತದೆ.

ಅಗ್ಗದ ಆಸೆಗೆ ನಾನೂ ಒಮ್ಮೆ ಬಿದ್ದಿದ್ದೆ. ಹೆಸರಿಲ್ಲದ ಸ್ಟೀಲ್ ತಂತಿಯ ಒಂದು ಡಜನ್ ಸೆಟ್‌ಗಳನ್ನು ಸಗಟಿನಲ್ಲಿ ತರಿಸಿ, ಮೊದಲನೆಯದನ್ನು ತೀರ್ಥಹಳ್ಳಿಯ ಹುಡುಗನೊಬ್ಬನ ವಾದ್ಯಕ್ಕೆ ಹಾಕಿದೆ. 12ನೆಯ ಫ್ರೆಟ್‌ನ ನೇರಕ್ಕೆ ಬೆರಳನ್ನು ಬರೀ ಸೋಕಿಸಿ ಮೀಟಿದಾಗಲೂ, ಅಲ್ಲೇ ಒತ್ತಿ ಮೀಟಿದಾಗಲೂ ಮೇಲಿನ ಷಡ್ಜವೇ ಬರಬೇಕು. ಆ ಇ ತಂತಿಯಲ್ಲಿ ಒತ್ತಿದ ಸ್ವರ ಏರಿಯೇ ನಿಲ್ಲುತ್ತಿತ್ತು. ತಂತಿಯ ಕೆಳತುದಿ ಕೂರುವ ಬ್ರಿಡ್ಜ್‌ನ ತಿರುಪು ಮುಗಿಯುವವರೆಗೆ ಹಿಂದೆ ಸರಿಸಿದರೂ ಇಳಿಯಲಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಸುತ್ತು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹುಡುಗನಿಗೆ ದುಡ್ಡು ವಾಪಸು ಕೊಟ್ಟೆ. ಉಳಿದ ಹನ್ನೊಂದು ಸೆಟ್ ಈಗಲೂ ಅಂಗಡಿಯ ಅಟ್ಟದಲ್ಲಿವೆ.

ಕೊಳ್ಳುವ ಮೊದಲು ನಟ್‌ನಿಂದ, ಅಂದರೆ ಬಿರಡೆಗಳ ಬಳಿ ತಂತಿ ಕೂರುವ ಗಾಡಿಯ ಪಟ್ಟಿಯಿಂದ, ಬ್ರಿಡ್ಜ್‌ವರೆಗೆ ಅಳೆಯಿರಿ. 34 ಇಂಚಿದ್ದರೆ ಪ್ಯಾಕೆಟ್ಟಿನ ಮೇಲೆ ಲಾಂಗ್ ಸ್ಕೇಲ್ ಎಂದು, 30 ಇಂಚಿದ್ದರೆ ಶಾರ್ಟ್ ಸ್ಕೇಲ್ ಎಂದು ಇರಬೇಕು. ಗೇಜ್, ಅಂದರೆ ತಂತಿಯ ದಪ್ಪ, ಹಳೆಯದೇ ಇರಲಿ: 45ರಿಂದ 105ರ ಸೆಟ್, ಅಂದರೆ ಇಂಚಿನ ಸಾವಿರದಲ್ಲಿ ಅಷ್ಟು ಭಾಗ ದಪ್ಪದ್ದು, ಇದ್ದ ಕಡೆ 100ರದ್ದು ಹಾಕಿದರೆ ಎಳೆತ ತಗ್ಗಿ ನೆಕ್‌ನ, ಅಂದರೆ ಗಿಟಾರಿನ ಕತ್ತಿನ, ಬಾಗನ್ನು ಮತ್ತೆ ಹೊಂದಿಸಬೇಕಾಗಬಹುದು, ಅದರ ಕೂಲಿ ನನಗೆ ಬರುತ್ತದೆ, ನಿಮಗೆ ಉಳಿಯುವುದಿಲ್ಲ. ಉದ್ದ ಹೆಚ್ಚಾದರೆ ಬಿರಡೆಗೆ ಸುತ್ತಲು ಬೇಕಾದಷ್ಟು ಬಿಟ್ಟು, ಆ ಜಾಗದಲ್ಲಿ ತಂತಿಯನ್ನು ಮೊದಲು ಲಂಬಕೋನಕ್ಕೆ ಮಡಿಸಿ, ಮಡಿಕೆಯ ಆಚೆಗೆ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಸುತ್ತು ಒಳಗಿನಿಂದ ಸಡಿಲಗೊಂಡು ಹೊಸ ತಂತಿಯೇ ಸತ್ತ ದನಿ ಕೊಡುತ್ತದೆ.

ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಸೇರಿಸಿ ಒರೆಸುವುದು ಖರ್ಚಿಲ್ಲದ ಕೆಲಸ. ಕುದಿಸಿದರೆ ಸುತ್ತಿನೊಳಗಿನ ಜಿಡ್ಡು ಹೋಗಿ ಕೆಲವು ದಿನ ಹೊಳಪು ಮರಳುತ್ತದೆ, ತುಕ್ಕು ಮಾತ್ರ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಬೇಡಿ. ಅದು ಧೂಳನ್ನು ಸುತ್ತಿನ ಸಂದಿಗೆ ಅಂಟಿಸಿ ನಾದವನ್ನು ಮುಚ್ಚಿಬಿಡುತ್ತದೆ. ಹೊಸನಗರದ ಒಬ್ಬರು ಥಂಡಿ ತಾಗದಿರಲೆಂದು ಗಿಟಾರನ್ನು ಅಡಕೆ ಒಣಗಿಸುವ ಗೂಡಿನ ಬಿಸಿಗೆ ತೂಗುಹಾಕಿದ್ದರು. ತಂತಿಗೆ ತುಕ್ಕು ಹಿಡಿದಿರಲಿಲ್ಲ, ನೆಕ್ ಮಾತ್ರ ಬಿಲ್ಲಿನಂತೆ ಬಾಗಿತ್ತು.