ಮನಸ್ಸು ನಿಲ್ಲದಿದ್ದರೆ ಆರಾಧನೆ ಬರೀ ಆಚರಣೆಯಾಗುತ್ತದೆಯೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಭಾನುವಾರದ ಕನ್ನಡ ಆರಾಧನೆಯನ್ನು ತಪ್ಪಿಸುವುದಿಲ್ಲ. ಆದರೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯೂ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣವೂ ಬಾಯಿಗೆ ತಾವಾಗಿ ಬರುತ್ತವೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ಇದು ಕಪಟವಲ್ಲವೇ? ಇದನ್ನೆಲ್ಲ ಬಿಟ್ಟು ಮನೆಯಲ್ಲೇ ಮನಃಪೂರ್ವಕವಾಗಿ ಪ್ರಾರ್ಥಿಸುವುದು ಮೇಲಲ್ಲವೇ?

ಉತ್ತರ: ಮನಸ್ಸು ಅಲೆದಾಡುವುದು ದೌರ್ಬಲ್ಯ, ಕಪಟವಲ್ಲ. ಬೈಬಲ್ ಕಪಟವೆಂದು ಖಂಡಿಸುವುದು ಬೇರೊಂದನ್ನು. ಅದು ಯಾವುದೆಂದು ತಿಳಿದರೆ ನಿಮ್ಮ ಆತಂಕ ಕಡಿಮೆಯಾಗಬಹುದು, ಅಥವಾ ಸರಿಯಾದ ಕಡೆಗೆ ತಿರುಗಬಹುದು.

ಈ ಜನರು ತುಟಿಗಳಿಂದ ನನ್ನನ್ನು ಗೌರವಿಸುತ್ತಾರೆ, ಇವರ ಹೃದಯವೋ ನನಗೆ ದೂರವಾಗಿದೆ ಎಂಬ ಪ್ರವಾದಿ ಯೆಶಾಯನ ಮಾತನ್ನು (29:13) ನಾವೆಲ್ಲ ಕೇಳಿದ್ದೇವೆ. ಯೇಸು ಅದನ್ನು ಯಾವ ಸಂದರ್ಭದಲ್ಲಿ ಎತ್ತಿ ಹೇಳಿದನೆಂಬುದನ್ನು ಮಾತ್ರ ಮರೆಯುತ್ತೇವೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಆ ಮಾತಿನ ಬೆನ್ನಿಗೇ ಬರುವ ಉದಾಹರಣೆ ಪ್ರಾರ್ಥನೆಯಲ್ಲಿ ತೂಕಡಿಸಿದವನದಲ್ಲ. ತಂದೆತಾಯಿಗಳ ಪೋಷಣೆಗೆ ಸಲ್ಲಬೇಕಾದದ್ದನ್ನು 'ಇದು ದೇವರಿಗೆ ಮೀಸಲು' ಎಂದು ಘೋಷಿಸಿ, ಭಕ್ತಿಯ ಹೆಸರಿನಲ್ಲೇ ಅವರನ್ನು ಕೈಬಿಟ್ಟವನದು. ಯೆಶಾಯನ ಮೊದಲ ಅಧ್ಯಾಯವೂ ಹಾಗೆಯೇ ಇದೆ. ದೇವರು ಧೂಪವನ್ನೂ ಹಬ್ಬಗಳನ್ನೂ ಬೇಡವೆನ್ನುವುದು ಪ್ರಾರ್ಥಿಸಲು ಚಾಚಿದ ಕೈಗಳಲ್ಲಿ ರಕ್ತವಿರುವುದರಿಂದ; ಆತನು ಕೇಳುವುದು ಅನಾಥರಿಗೆ ನ್ಯಾಯ, ವಿಧವೆಯರ ಪರವಾದ ವಾದ. ಪ್ರವಾದಿ ಆಮೋಸನೂ ಹಾಡುಗಳ ಗದ್ದಲವನ್ನು ತೊಲಗಿಸಿ ನ್ಯಾಯವು ಹೊಳೆಯಂತೆ ಹರಿಯಲಿ ಎನ್ನುತ್ತಾನೆ.

ಹಾಗೆಂದು ಪ್ರವಾದಿಗಳು ವಿಧಿಯನ್ನೇ ಅಳಿಸಲು ಹೊರಟವರೆಂದು ತೀರ್ಮಾನಿಸುವುದು ಅವಸರವಾದೀತು. ಮುರಿದ ಮನಸ್ಸೇ ದೇವರಿಗೆ ಇಷ್ಟವಾದ ಯಜ್ಞವೆನ್ನುವ 51ನೆಯ ಕೀರ್ತನೆ, ಕೊನೆಯಲ್ಲಿ ಯಜ್ಞಗಳು ಮತ್ತೆ ಸ್ವೀಕಾರವಾಗುವ ದಿನವನ್ನು ಎದುರುನೋಡುತ್ತದೆ. ಸೊಪ್ಪುಸದೆಯಲ್ಲೂ ದಶಮಾಂಶ ಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರಿಗೆ ಯೇಸು ಹೇಳಿದ್ದು, ಇವುಗಳನ್ನು ಮಾಡಬೇಕಾಗಿತ್ತು, ಅವುಗಳನ್ನೂ ಬಿಡಬಾರದಾಗಿತ್ತು ಎಂದು (ಮತ್ತಾಯ 23:23). ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಸಭಾಮಂದಿರಕ್ಕೆ ಹೋಗುವುದು ಆತನ ವಾಡಿಕೆಯಾಗಿತ್ತೆಂದು ಲೂಕನು ಬರೆದಿದ್ದಾನೆ. ಬಂಧನಕ್ಕೆ ಮುಂಚೆ ಗೆತ್ಸೆಮನೆ ತೋಟದಲ್ಲಿ ಆತನು ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದನು. ಶಿಲುಬೆಯ ಮೇಲೆ, 'ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ' ಎಂದು ಕೂಗಿದಾಗ ಬಾಯಿಗೆ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು. ವರ್ಷಗಟ್ಟಲೆ ಬಾಯಿಪಾಠವಾಗಿ ಉಳಿದ ಮಾತೇ, ಸ್ವಂತ ಮಾತು ಹೊರಡದ ಸಂಕಟದಲ್ಲಿ ನಮ್ಮ ಕೈಹಿಡಿಯುತ್ತದೆಂದು ನಾನು ನಂಬುತ್ತೇನೆ.

ಮನೆಯ ಪ್ರಾರ್ಥನೆ ಅಗತ್ಯವೇ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸೆಂದು ಯೇಸುವೇ ಹೇಳಿದ್ದಾನೆ. ಆದರೆ ಅಲ್ಲಿ ನಿಷೇಧಿಸಿದ್ದು ಜನರ ಮೆಚ್ಚುಗೆಗಾಗಿ ಮಾಡುವ ಪ್ರದರ್ಶನವನ್ನೇ ಹೊರತು ಒಟ್ಟಾಗಿ ಸೇರುವುದನ್ನಲ್ಲ, ಅದೇ ಬೋಧನೆಯಲ್ಲಿ ಕಲಿಸಿದ ಪ್ರಾರ್ಥನೆ 'ನಮ್ಮ ತಂದೆಯೇ' ಎಂದೇ ಆರಂಭವಾಗುತ್ತದೆ.

ಹೊರಗಿನ ರೂಪವನ್ನು ನೋಡಿ ಒಳಗಿನ ಭಕ್ತಿಯನ್ನು ಅಳೆಯುವ ಚಾಳಿ ನಮ್ಮ ಊರಿನ ಸಭೆಗಳಲ್ಲಿಯೂ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಣ್ಣದ ಉಡುಪಿನಲ್ಲಿ ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೆ ಬರುವವರನ್ನು ಕಂಡು 'ಇದೆಲ್ಲ ಬಾಹ್ಯಾಚಾರ' ಎನ್ನುವ ಪ್ರಾಟೆಸ್ಟೆಂಟರಿದ್ದಾರೆ. ಮುದ್ರಿತ ಆರಾಧನಾ ಕ್ರಮವನ್ನು ಓದುವ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳನ್ನು ಒಣ ಸಭೆಗಳೆನ್ನುವವರೂ ಇದ್ದಾರೆ. ಕೈಯೆತ್ತಿ ಹಾಡುವುದೂ ರೂಢಿಯಾಗಬಲ್ಲದು, ಬರಿಗಾಲಿನಲ್ಲಿ ನಡೆದ ದೇಹವೂ ಪ್ರಾರ್ಥಿಸಬಲ್ಲದು. ನೋಡುವವರಿಗೆ ಅದನ್ನು ತೀರ್ಮಾನಿಸುವ ಅಧಿಕಾರವಿಲ್ಲ.

ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳಲು ಮತ್ತಾಯ 5:23–24 ಸಾಕು. ಕಾಣಿಕೆಯನ್ನು ತಂದು ಯಜ್ಞವೇದಿಯ ಬಳಿ ನಿಂತಾಗ ನಿಮ್ಮ ಸಹೋದರನ ಮನಸ್ಸಿನಲ್ಲಿ ನಿಮ್ಮ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗಿ, ಆಮೇಲೆ ಬಂದು ಅರ್ಪಿಸಿ ಎಂಬುದು ಅದರ ಆಜ್ಞೆ. ಬೆಂಗಳೂರಿನಲ್ಲಿ ಇದರ ಅರ್ಥ ತೀರ ಸ್ಪಷ್ಟ: ಮನೆ ಖಾಲಿ ಮಾಡಿದ ಬಾಡಿಗೆದಾರರಿಗೆ ಸಬೂಬು ಹೇಳಿ ಉಳಿಸಿಕೊಂಡ ಅಡ್ವಾನ್ಸ್ ಹಣ, ಮನೆಗೆಲಸದವರಿಗೆ ರಜೆಯ ನೆಪದಲ್ಲಿ ಮುರಿದುಕೊಂಡ ಸಂಬಳ, ಅಪ್ಪನ ಸೈಟಿನ ವಿಚಾರಕ್ಕೆ ಅಣ್ಣನೊಂದಿಗೆ ನಿಂತುಹೋದ ಮಾತು. ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆಂದು ಯಾಕೋಬನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಆ ಕೂಗಿನ ಮೇಲೆ ನಮ್ಮ ಸಂಗೀತ ಎಷ್ಟು ಇಂಪಾಗಿದ್ದರೂ ನಡೆಯದು.

ಹಸಿದವರನ್ನು ಕಡೆಗಣಿಸಿ ಯೇಸುವಿನ ನೆನಪಿಗಾಗಿ ರೊಟ್ಟಿ ಮುರಿಯುವ ಕರ್ತನ ಭೋಜನಕ್ಕೆ ಕುಳಿತ ಕೊರಿಂಥದವರನ್ನು ಗದರಿದ ಪೌಲನು ಕೂಡ ದೂರ ಉಳಿಯಿರಿ ಎನ್ನಲಿಲ್ಲ. ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ ಎಂದನು. ಆದ್ದರಿಂದ ನೀವು ಹೋಗಿ. ಶನಿವಾರ ರಾತ್ರಿಯೇ ಮರುದಿನದ ವಾಚನಗಳನ್ನು ಒಮ್ಮೆ ಓದಿಕೊಳ್ಳಿ. ಕರ್ತನ ಪ್ರಾರ್ಥನೆಯಲ್ಲಿ ಮನಸ್ಸು ಪೂರ್ತಿ ನಿಲ್ಲದಿದ್ದರೂ, ತಪ್ಪುಮಾಡಿದವರನ್ನು ನಾವು ಕ್ಷಮಿಸುವ ಆ ಒಂದು ಸಾಲಿಗೆ ಬಂದಾಗ ಒಬ್ಬರ ಮುಖವನ್ನು ನೆನೆಯಿರಿ, ಆ ವಾರದಲ್ಲಿ ಅವರಿಗೆ ಫೋನ್ ಮಾಡಿ.