ಬ್ರೆಕ್ಸಿಟ್ ಆದ ಮೇಲೆ: ಬ್ರಿಟನ್ ಎಷ್ಟು ವಾಪಸ್ ಬಂತು?

ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿದ್ದು, ಅಂದ ತಕ್ಷಣ ನಾವೆಲ್ಲ ಪರೀಕ್ಷೆಯ ಉತ್ತರದಲ್ಲಿ 2016ರ ಜೂನ್ 23, ಶೇ 51.9 ಮತ, 2020ರ ಜನವರಿ 31ಕ್ಕೆ ಹೊರಗೆ ಎಂದು ಬರೆದು ಮುಗಿಸಿಬಿಡುತ್ತೇವೆ. ಆಮೇಲಿನ ಕಥೆಯೇ ಜಾಸ್ತಿ ಸ್ವಾರಸ್ಯದ್ದು.

ಮೊದಲು ಒಂದು ಗೊಂದಲ. 2020ರ ಕೊನೆಯಲ್ಲಿ ಒಕ್ಕೂಟದ ಜೊತೆ ಆದ ವ್ಯಾಪಾರ ಒಪ್ಪಂದದಲ್ಲಿ ಸುಂಕ ಸೊನ್ನೆ. ಮತ್ತೆ ತೊಂದರೆ ಏನು? ನಾನೂ ಇಲ್ಲೇ ಎಡವಿದ್ದೆ. ತೊಂದರೆ ಸುಂಕದ್ದಲ್ಲ, ಕಾಗದಪತ್ರದ್ದು. ಬ್ರಿಟನ್ನಿನಿಂದ ಮಾಂಸ ಕಳಿಸಬೇಕಾದರೆ ಪಶುವೈದ್ಯರ ಸಹಿ ಬೇಕು, ಗಡಿಯಲ್ಲಿ ತಪಾಸಣೆ ಆಗಬೇಕು. ಹಸಿ ಸಾಸೇಜನ್ನಂತೂ ಕಳಿಸುವ ಹಾಗೇ ಇಲ್ಲ. 2021ರ ಜನವರಿಯಲ್ಲಿ ನೆದರ್ಲೆಂಡ್ಸ್ ಬಂದರಿನಲ್ಲಿ ಇಳಿದ ಡ್ರೈವರ್‌ಗಳ ಹ್ಯಾಮ್ ಸ್ಯಾಂಡ್‌ವಿಚ್ಚನ್ನೂ ಅಧಿಕಾರಿಗಳು ತೆಗೆದಿಟ್ಟುಕೊಂಡರು. ದಾರಿಯ ಬುತ್ತಿಯೂ ಆಮದು!

ದುರಸ್ತಿ ಶುರುವಾಗಿದ್ದು, ಬ್ರೆಕ್ಸಿಟ್ ಪರ ಇದ್ದ ಪ್ರಧಾನಿ ರಿಷಿ ಸುನಕ್ ಕಾಲದಲ್ಲೇ. 2023ರ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದ, ಬ್ರಿಟನ್ನಿನಿಂದ ಉತ್ತರ ಐರ್ಲೆಂಡಿಗೆ ಹೋಗುವ ಸರಕಿನ ತಪಾಸಣೆಯ ಜಗಳವನ್ನು ತಣ್ಣಗಾಗಿಸಿತು. 2024ರ ಜನವರಿಯಿಂದ ಒಕ್ಕೂಟದ ಹೊರೈಜನ್ ಸಂಶೋಧನಾ ಯೋಜನೆಗೆ ಬ್ರಿಟನ್ ಮತ್ತೆ ಸೇರಿತು.

2025ರ ಮೇ 19ರಂದು ಲಂಡನ್ನಿನಲ್ಲಿ ಆಗಿನ ಬ್ರಿಟನ್ ಪ್ರಧಾನಿ ಕೀರ್ ಸ್ಟಾರ್ಮರ್ ಮತ್ತು ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ನಿನ ಅಧ್ಯಕ್ಷೆ ಉರ್ಸುಲಾ ವಾನ್ ಡೆರ್ ಲೇಯನ್ ಕುಳಿತು ದೊಡ್ಡ ಚೌಕಾಸಿ ಮಾಡಿದರು. ಯುರೋಪಿನ ದೋಣಿಗಳಿಗೆ ಬ್ರಿಟನ್ನಿನ ನೀರಿನಲ್ಲಿ 2026ರಿಂದ ಇನ್ನೂ 12 ವರ್ಷ, ಅಂದರೆ 2038ರ ತನಕ ಮೀನು ಹಿಡಿಯಲು ಅವಕಾಶ. ಜೊತೆಗೆ ಆಹಾರ ಪದಾರ್ಥಗಳ ತಪಾಸಣೆ ಕಡಿಮೆ ಮಾಡುವ ಒಪ್ಪಂದಕ್ಕೆ ತಾತ್ವಿಕ ಒಪ್ಪಿಗೆ.

ಈ ಆಹಾರದ ಒಪ್ಪಂದದಲ್ಲೇ ವಿಷಯದ ತಿರುಳಿದೆ. ಯುರೋಪಿಯನ್ ಒಕ್ಕೂಟ ನಿಯಮ ಬದಲಿಸಿದರೆ ಬ್ರಿಟನ್ನೂ ಬದಲಿಸಬೇಕು. ಆ ನಿಯಮದ ಅರ್ಥ ಏನು ಎಂಬ ತಕರಾರು ಬಂದರೆ ಒಕ್ಕೂಟದ ನ್ಯಾಯಾಲಯದ್ದೇ ಕೊನೆ ಮಾತು. ಕರಡು ಹಂತದಲ್ಲಿ ಬ್ರಿಟನ್ ಅಭಿಪ್ರಾಯ ಹೇಳಬಹುದು, ಮತ ಹಾಕುವಂತಿಲ್ಲ. ಪಾಲು ತಗೊಂಡು ಬೇರೆ ಹೋದವನನ್ನು ಹಬ್ಬಕ್ಕೆ ಕರೀತಾರೆ, ಮನೆಯ ಲೆಕ್ಕಾಚಾರಕ್ಕೆ ಕರೆಯಲ್ಲ, ಅಲ್ವಾ?

ಉತ್ತರದಲ್ಲಿ ‘ಬ್ರಿಟನ್ ಮತ್ತೆ ಒಕ್ಕೂಟ ಸೇರುತ್ತಿದೆ’ ಎಂದು ಮಾತ್ರ ಬರೆಯಬೇಡಿ. ಏಕ ಮಾರುಕಟ್ಟೆ (ಎಲ್ಲರಿಗೂ ಒಂದೇ ನಿಯಮದ ವ್ಯಾಪಾರ), ಸುಂಕ ಒಕ್ಕೂಟ (ಹೊರಗಿನ ಸರಕಿಗೆ ಎಲ್ಲರದ್ದೂ ಒಂದೇ ಸುಂಕ), ಜನರ ಮುಕ್ತ ಓಡಾಟ ಈ ಮೂರೂ ಬೇಡ ಎಂದೇ ಸ್ಟಾರ್ಮರ್ 2024ರ ಚುನಾವಣೆ ಗೆದ್ದಿದ್ದು. ಹಾಗಾಗಿ ಒಂದೊಂದು ಬಾಗಿಲಿಗೂ ಬೇರೆ ಬೇರೆ ಚೌಕಾಸಿ. ಒಕ್ಕೂಟದ 150 ಬಿಲಿಯನ್ ಯೂರೋಗಳ ರಕ್ಷಣಾ ಸಾಲ ನಿಧಿಗೆ ಸೇರುವ ಮಾತುಕತೆ 2025ರ ನವೆಂಬರಿನಲ್ಲಿ ಮುರಿದುಬಿತ್ತು, ಪ್ರವೇಶದ ದುಡ್ಡು ಹೊಂದಲಿಲ್ಲ. ಮುಂದಿನ ತಿಂಗಳೇ ವಿದ್ಯಾರ್ಥಿಗಳು ಬೇರೆ ದೇಶಕ್ಕೆ ಹೋಗಿ ಓದುವ ಎರಾಸ್ಮಸ್ ಯೋಜನೆಗೆ 2027ರಿಂದ ಮರಳುವುದು ಪಕ್ಕಾ ಆಯಿತು.